ಚಿತ್ರದ ಅಂಚಿಗೆ ಇಳಿದ ಈಜಿಪ್ಟ್

ಈಜಿಪ್ಟಿನ ಹವಾರಾ ಸ್ಮಶಾನವನ್ನು 1880ರ ದಶಕದ ಕೊನೆಗೆ ಅಗೆಸಿದ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಗೆ ಒಂದು ಭಾವಚಿತ್ರ ಕಟ್ಟಿನ ಸಮೇತ ಸಿಕ್ಕಿತು. ರೋಮನ್ನರು ಆಳುತ್ತಿದ್ದ ಕಾಲದ್ದು. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆ ಕಟ್ಟೋ, ಮೂಲೆಗಳಲ್ಲಿ ಒಂದನ್ನೊಂದು ದಾಟಿ ಹೊರಚಾಚಿದ ಸಾದಾ ಮರದ ಪಟ್ಟಿಗಳು, ಅಷ್ಟೇ. ಹೂವಿಲ್ಲ, ರೆಕ್ಕೆಯಿಲ್ಲ.

ಹಾಗಾದರೆ ಫ್ರೇಮಿನ ಅಂಗಡಿಗಳಲ್ಲಿ ‘ಈಜಿಪ್ಷಿಯನ್’ ಎಂದು ಮಾರುವ ಪಟ್ಟಿಗಳು ಬಂದದ್ದು ಎಲ್ಲಿಂದ? ಯುರೋಪಿನಿಂದ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡಿನ ಜೊತೆ ವಿದ್ವಾಂಸರನ್ನೂ ಕರೆದೊಯ್ದ. ಅವರು ಬರೆದುಕೊಂಡ ಗುಡಿಗಳ ಚಿತ್ರಗಳು 1809ರಿಂದ ಸಂಪುಟಗಳಾಗಿ ಅಚ್ಚಾದವು. 1856ರಲ್ಲಿ ಲಂಡನ್ನಿನ ಓವನ್ ಜೋನ್ಸ್ ತನ್ನ ಅಲಂಕಾರ ಗ್ರಂಥದಲ್ಲಿ ಈಜಿಪ್ಟಿನ ವಿನ್ಯಾಸಗಳನ್ನು ಬಣ್ಣದಲ್ಲೇ ಕೊಟ್ಟ. 1922ರಲ್ಲಿ ಫೇರೋ ಟುಟಾಂಖಾಮನ್‌ನ ಗೋರಿ ಸಿಕ್ಕ ಮೇಲಂತೂ ಜನಕ್ಕೆ ಈಜಿಪ್ಟಿನ ಹುಚ್ಚೇ ಹಿಡಿಯಿತು.

ಪಟ್ಟಿ ಆರಿಸುವಾಗ ನಾನು ಮೊದಲು ನೋಡುವುದು ಹೂಬಳ್ಳಿಯನ್ನಲ್ಲ, ಅದರ ಕೊಯ್ದ ತುದಿಯನ್ನು. ಈಜಿಪ್ಟಿನ ಗುಡಿಬಾಗಿಲ ನೆತ್ತಿಯಲ್ಲಿ ದುಂಡನೆಯ ದಿಂಡು, ಅದರ ಮೇಲೆ ಒಳಕ್ಕೆ ತಗ್ಗಿ ಮತ್ತೆ ಮುಂದಕ್ಕೆ ಚಾಚುವ ಸೂರು. ಆ ದಿಂಡು, ಆ ತಗ್ಗು ಇದ್ದರೆ ಮೇಲೇನೂ ಕೆತ್ತದಿದ್ದರೂ ಪಟ್ಟಿ ನೈಲ್ ನದಿಯ ಕಡೆಯದೇ. ಅವಿಲ್ಲದ ಚಪ್ಪಟೆ ಪಟ್ಟಿಗೆ ಈಜಿಪ್ಟಿನ ಗುರುತಾದ ಸಗಣಿಹುಳುಗಳನ್ನು ಸಾಲಾಗಿ ಒತ್ತಿದ್ದರೆ ಅದು ಬರೀ ವೇಷ.

ಆಮೇಲೆ ಮೂಲೆ. ಪಟ್ಟಿಯನ್ನು 45 ಡಿಗ್ರಿಗೆ ಕೊಯ್ದು ಕೂಡಿಸುತ್ತಾರಲ್ಲ, ಸಣ್ಣ ಮೊಗ್ಗು-ಹೂವಿನ ಸಾಲು ಆ ಕೊಯ್ತವನ್ನು ಹೇಗೋ ತಾಳಿಕೊಳ್ಳುತ್ತದೆ. (ಆ ಹೂವು ನಮ್ಮ ತಾವರೆಯಲ್ಲ, ನೈದಿಲೆ, ನೀಲಿ ನೈದಿಲೆಯ ಎಸಳು ಚೂಪು. ಕೆತ್ತಿದವನಿಗೆ ಅದು ಗೊತ್ತಿತ್ತೇ ಎಂದು ನೋಡುವುದೂ ಒಂದು ಮೋಜು.) ರೆಕ್ಕೆ ಬಿಚ್ಚಿದ ಸೂರ್ಯಬಿಂಬದ ಕಥೆ ಬೇರೆ. ಗುಡಿಯಲ್ಲಿ ಅದರ ಜಾಗ ಬಾಗಿಲ ನೆತ್ತಿಯ ನಟ್ಟನಡುವೆ. ಅದನ್ನೇ ಪಟ್ಟಿಯುದ್ದಕ್ಕೂ ಒತ್ತಿದರೆ ಅಕ್ಕಪಕ್ಕದಲ್ಲಿ ಸೂರ್ಯ ಅಡ್ಡಬೀಳುತ್ತಾನೆ, ಮೂಲೆಯಲ್ಲಿ ರೆಕ್ಕೆ ಕಳೆದುಕೊಳ್ಳುತ್ತಾನೆ. ಬೇಕೇಬೇಕೆಂದರೆ ಮೇಲುಪಟ್ಟಿಯ ನಡುವೆ ಒಂದನ್ನು ಬೇರೆಯಾಗಿ ಕೂರಿಸಿಕೊಡಲು ಕೇಳಬೇಕು.

ಬಣ್ಣದ ವಿಷಯಕ್ಕೆ ಬಂದರೆ, ಪೂರ್ತಿ ಚಿನ್ನ ಬಳಿದದ್ದಕ್ಕಿಂತ ತಗ್ಗಿನಲ್ಲಿ ನೀಲಿಯೋ ಕಾವಿಯೋ ಉಳಿದದ್ದು ಒಳ್ಳೆಯದು. ಈಜಿಪ್ಟಿನ ಗುಡಿಗಳ ಗೋಡೆಗಳಿಗೆ ಹಚ್ಚುತ್ತಿದ್ದದ್ದೂ ಅಂಥ ಬಣ್ಣಗಳನ್ನೇ.

ಕೈರೋಗೆ ಹೋದವರು ಪಪೈರಸ್ ಹಾಳೆಯ ಚಿತ್ರ ತರುವುದುಂಟು. ಹೆಚ್ಚಿನವುಗಳಲ್ಲಿ ಅಂಚಿನ ಅಲಂಕಾರ ಮೊದಲೇ ಬರೆದಿರುತ್ತದೆ. ಅದರ ಸುತ್ತ ಇನ್ನೊಂದು ನೈದಿಲೆಸಾಲು ಬಂದರೆ ಎರಡೂ ಕಾದಾಡುತ್ತವೆ. ಅದಕ್ಕೆ ಸಾದಾ ಕಟ್ಟು ಸಾಕು. ಹಾಳೆಯನ್ನು ರಟ್ಟಿಗೆ ಪೂರ್ತಿ ಅಂಟಿಸಲು ಬಿಡಬೇಡಿ, ಮೇಲಂಚಿನಲ್ಲಷ್ಟೇ ಹಿಡಿಸಲಿ. ಗಾಜು ತಾಗದಂತೆ ನಡುವೆ ಕಿಟಕಿ ಕೊಯ್ದ ರಟ್ಟು (ಮೌಂಟ್) ಇರಲಿ.