ಏಳನೇ ಮೆಷಿನ್ ಮಾಡಿದ ತಪ್ಪೇನು?

ಪೀಣ್ಯ ಎರಡನೇ ಹಂತದಲ್ಲಿ ಹನ್ನೆರಡು ಸಿಎನ್‌ಸಿ ಮೆಷಿನ್‌ಗಳ ಒಂದು ಕಾರ್ಖಾನೆ ಇದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಂದೊಂದು ಮೆಷಿನ್ನಿನಿಂದ ದಿನಕ್ಕೆ 400 ಪೀಸ್ ಇಳಿಯುತ್ತವೆ. ಪ್ರತಿ ಪೀಸಿಗೂ ಒಂದು ಸಾಲು ದಾಖಲೆ: ದಿನಾಂಕ, ಶಿಫ್ಟ್, ಮೆಷಿನ್ ನಂಬರ್, ಆಪರೇಟರ್ ಹೆಸರು, ಯಾವ ಜಾಬ್, ಇನ್‌ಸ್ಪೆಕ್ಷನ್‌ನಲ್ಲಿ ಪಾಸೋ ರಿಜೆಕ್ಟೋ, ರಿಜೆಕ್ಟ್ ಆಗಿದ್ದರೆ ಕಾರಣವೇನು. ದಿನಕ್ಕೆ 4,800 ಸಾಲು. 300 ಕೆಲಸದ ದಿನಗಳಿಗೆ 14,40,000. ಎಕ್ಸೆಲ್‌ನ ಒಂದು ಹಾಳೆ ಹಿಡಿಯುವುದು 10,48,576 ಸಾಲು ಮಾತ್ರ. ಏಪ್ರಿಲ್ ಒಂದರಂದು ತೆರೆದ ಹಾಳೆ ಡಿಸೆಂಬರ್ ಮುಗಿಯುವ ಮೊದಲೇ ಭರ್ತಿ.

ಹಾಳೆ ಭರ್ತಿಯಾದದ್ದು ಯಾರ ಗಮನಕ್ಕೂ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ 2020ರಲ್ಲಿ ಕಂಡಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಲ್ಯಾಬ್‌ಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಫೈಲಿಗೆ ತುಂಬುತ್ತಿತ್ತು. ಆ ಮಾದರಿಯ ಮಿತಿ 65,536 ಸಾಲು. ಅದರಾಚೆಯ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪಾಸಿಟಿವ್ ಪ್ರಕರಣಗಳು ಲೆಕ್ಕಕ್ಕೇ ಸೇರಲಿಲ್ಲ. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ಹಿಂದೆ ಬಿತ್ತು.

ನಮ್ಮ ಕಾರ್ಖಾನೆಯ ಮಾಲೀಕರ ಪ್ರಶ್ನೆ ಇಷ್ಟೇ: ‘ಹೋದ ವರ್ಷ ಯಾವ ಮೆಷಿನ್ನಿನಲ್ಲಿ ಜಾಸ್ತಿ ರಿಜೆಕ್ಷನ್?’ ಹದಿನೈದು ವರ್ಷದ ಹಿಂದಾಗಿದ್ದರೆ ಇಂಥ ಪ್ರಶ್ನೆಗೆ ಉತ್ತರ ಬೇಕೆಂದರೆ ದೊಡ್ಡ ಕಂಪನಿಗಳಲ್ಲೂ ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ ಕಾಯಬೇಕಿತ್ತು. ಅವರು ಡೇಟಾಬೇಸ್‌ಗೆ ಪ್ರಶ್ನೆ ಬರೆದು ರಿಪೋರ್ಟ್ ಕಳಿಸುವಷ್ಟರಲ್ಲಿ ಕೇಳಿದವರಿಗೆ ಬೇರೊಂದು ಪ್ರಶ್ನೆ ಹುಟ್ಟಿರುತ್ತಿತ್ತು. ಮತ್ತೆ ಟಿಕೆಟ್, ಮತ್ತೆ ಸರದಿ. ಇಂದು ಅದೇ ಕೆಲಸವನ್ನು ಲೆಕ್ಕಪತ್ರ ನೋಡುವವರು, ಕ್ವಾಲಿಟಿ ನೋಡುವವರು, ಎಚ್‌ಆರ್‌ನವರು ತಮ್ಮ ಲ್ಯಾಪ್‌ಟಾಪ್‌ನಲ್ಲೇ ಮಾಡುತ್ತಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ‘ಪವರ್ ಬಿಐಗೆ ಹಾಕಿ ಟೀಮ್ಸ್‌ನಲ್ಲಿ ಶೇರ್ ಮಾಡಿ’ ಎನ್ನುವುದು ದಿನನಿತ್ಯದ ಮಾತು. ಸೆಲ್ಫ್ ಸರ್ವಿಸ್ ಬಿಐ (ಬಿಸಿನೆಸ್ ಇಂಟೆಲಿಜೆನ್ಸ್) ಎಂದು ಕರೆಯುವ ಈ ಸಲಕರಣೆ ಹದಿನಾಲ್ಕು ಲಕ್ಷ ಸಾಲನ್ನು ಕಣ್ಣು ಮಿಟುಕಿಸುವುದರೊಳಗೆ ಕೂಡಿಸುವುದು ಹೇಗೆ?

ಸಾಲು ಬಿಡಿಸುವ ಉಪಾಯ

ಮದುವೆ ಮನೆಯ ಮುಯ್ಯಿ ಪುಸ್ತಕ ನೆನಪಿಸಿಕೊಳ್ಳಿ. ಹೆಸರು, ಊರು, ಮೊತ್ತ. ಒಟ್ಟು ಎಷ್ಟು ಬಂತು ಎಂದು ಕೂಡಿಸುವವರು ಹೆಸರು, ಊರು ಓದುವುದಿಲ್ಲ. ಕಣ್ಣು ಕೊನೆಯ ಕಂಬಸಾಲಿನಲ್ಲಿ ಮಾತ್ರ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಸಾಮಾನ್ಯ ಡೇಟಾಬೇಸ್‌ಗಳಿಗೆ ಈ ಸವಲತ್ತು ಇಲ್ಲ. ಅವು ಒಂದು ಅಡ್ಡಸಾಲಿನ ವಿವರಗಳನ್ನೆಲ್ಲ ಡಿಸ್ಕಿನಲ್ಲಿ ಅಕ್ಕಪಕ್ಕ ಇಡುತ್ತವೆ. ಬ್ಯಾಂಕ್ ಕೌಂಟರಿನಲ್ಲಿ ಒಬ್ಬ ಗ್ರಾಹಕರ ಖಾತೆ ತೆಗೆಯಲು ಇದು ಸರಿಯಾದ ಕ್ರಮ. ಆದರೆ ಒಂದು ವರ್ಷದ ರಿಜೆಕ್ಷನ್ ಎಣಿಸಲು ಆಪರೇಟರ್ ಹೆಸರಿನಿಂದ ಹಿಡಿದು ಬೇಡದ್ದನ್ನೆಲ್ಲ ಓದಿ ದಾಟಬೇಕಾಗುತ್ತದೆ.

ಅಡ್ಡಸಾಲನ್ನು ಬಿಡಿಸಿ ಒಂದೊಂದು ಕಂಬಸಾಲನ್ನೂ ಪ್ರತ್ಯೇಕವಾಗಿ ಇಡಬಹುದೆಂದು ಜಾರ್ಜ್ ಕೋಪ್‌ಲ್ಯಾಂಡ್ ಮತ್ತು ಸೆಟ್ರಾಗ್ ಖೋಷಾಫಿಯನ್ 1985ರಲ್ಲೇ ಪ್ರಬಂಧ ಬರೆದಿದ್ದರು. ಆ ವಿಚಾರ ಕಚೇರಿಯ ಮೇಜಿಗೆ ಇಳಿಯಲು ಅಗ್ಗದ ಮೆಮೊರಿ ಮತ್ತು 64 ಬಿಟ್ ಕಂಪ್ಯೂಟರ್ ಬರಬೇಕಾಯಿತು. 2010ರಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಪವರ್‌ಪಿವಟ್ ಎಂಬ ಜೋಡಣೆ ಕೊಟ್ಟಿತು. ಅದರ ಒಳಗಿದ್ದ ಎಂಜಿನ್ನಿನ ಹೆಸರು ವರ್ಟಿಪ್ಯಾಕ್. ವೈಟ್‌ಫೀಲ್ಡ್‌ನಲ್ಲಿ ದೊಡ್ಡ ಕ್ಯಾಂಪಸ್ ಇಟ್ಟಿರುವ ಎಸ್‌ಎಪಿ ಕಂಪನಿ ಅದೇ ವರ್ಷ ಹೊರತಂದ ಹಾನಾ ಕೂಡ ಕಂಬಸಾಲಿನ ಡೇಟಾಬೇಸೇ. 2015ರ ಜುಲೈನಲ್ಲಿ ಎಲ್ಲರ ಬಳಕೆಗೆ ಬಂದ ಮೈಕ್ರೋಸಾಫ್ಟ್‌ನದೇ ಪವರ್ ಬಿಐ ಒಳಗೆ ಓಡುತ್ತಿರುವುದು ವರ್ಟಿಪ್ಯಾಕ್‌ನ ಮುಂದುವರಿದ ರೂಪ.

ಕಂಬಸಾಲು ಬೇರೆಯಾದ ಕೂಡಲೇ ಇನ್ನೊಂದು ಲಾಭ ತೆರೆದುಕೊಳ್ಳುತ್ತದೆ. ‘ಶಿಫ್ಟ್’ ಕಂಬಸಾಲಿನಲ್ಲಿ 14.4 ಲಕ್ಷ ಖಾನೆಗಳಿದ್ದರೂ ಅಲ್ಲಿರುವ ಬೇರೆ ಬೇರೆ ಬೆಲೆಗಳು ಮೂರೇ. ‘ಕಾರಣ’ ಕಂಬಸಾಲಿನಲ್ಲಿ ಖಾಲಿಯೂ ಸೇರಿ ಎಂಟು ಎನ್ನೋಣ. ಎಂಜಿನ್ ಈ ಎಂಟನ್ನು ಒಂದು ಪುಟ್ಟ ನಿಘಂಟಿನಲ್ಲಿ ಬರೆದು 0ಯಿಂದ 7ರವರೆಗೆ ನಂಬರ್ ಕೊಡುತ್ತದೆ. ಆಮೇಲೆ ಖಾನೆಗಳಲ್ಲಿ ಪದ ಇರುವುದಿಲ್ಲ, ನಂಬರ್ ಮಾತ್ರ. ‘ಬೋರ್ ಓವರ್‌ಸೈಜ್’ ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ನಡುವಿನ ಖಾಲಿ ಜಾಗವೂ ಸೇರಿ 13 ಅಕ್ಷರ. ಅಕ್ಷರಕ್ಕೆ 16 ಬಿಟ್‌ನಂತೆ 208 ಬಿಟ್. ಎಂಟರೊಳಗಿನ ನಂಬರ್ ಹಿಡಿಯಲು ಮೂರೇ ಬಿಟ್ ಸಾಕು.

ಇದರ ಮೇಲೆ ಇನ್ನೊಂದು ಉಪಾಯ. ದಾಖಲೆಗಳನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಒಂದೇ ದಿನಾಂಕ 4,800 ಸಲ ಒಂದರ ಕೆಳಗೊಂದು ಬರುತ್ತದೆ. ಅಷ್ಟನ್ನೂ ಬರೆಯುವ ಬದಲು ‘ಈ ದಿನಾಂಕ, 4,800 ಸಲ’ ಎಂದು ಒಮ್ಮೆ ಬರೆದರಾಯಿತು. 14.4 ಲಕ್ಷ ಖಾನೆಗಳ ಕಂಬಸಾಲು 300 ನಮೂದುಗಳಿಗೆ ಇಳಿಯಿತು. ಯಾವ ಕ್ರಮದಲ್ಲಿ ಜೋಡಿಸಿದರೆ ಹೆಚ್ಚು ಕುಗ್ಗುತ್ತದೆ ಎಂಬುದನ್ನು ಎಂಜಿನ್ ತಾನೇ ಹುಡುಕಿಕೊಳ್ಳುತ್ತದೆ. ಕುಗ್ಗಿದ್ದನ್ನು ಬಿಡಿಸದೆಯೇ ಎಣಿಸಲೂ ಬರುತ್ತದೆ. ಹತ್ತು ಜಿಬಿ ದತ್ತಾಂಶ ಸುಮಾರು ಒಂದು ಜಿಬಿಗೆ ಇಳಿಯಬಹುದೆಂದು ಮೈಕ್ರೋಸಾಫ್ಟ್‌ನ ಕೈಪಿಡಿಯೇ ಹೇಳುತ್ತದೆ.

ಈ ಉಪಾಯ ಎಲ್ಲಿ ಸೋಲುತ್ತದೆ ಎಂಬುದೂ ಇಷ್ಟರಿಂದ ತಿಳಿಯುತ್ತದೆ. ಪೀಸ್ ಇಳಿದ ದಿನಾಂಕ ಮತ್ತು ಸಮಯವನ್ನು ಸೆಕೆಂಡಿನ ಸಮೇತ ಒಂದೇ ಕಂಬಸಾಲಿನಲ್ಲಿ ಇಟ್ಟರೆ ಹೆಚ್ಚುಕಡಿಮೆ ಪ್ರತಿ ಖಾನೆಯೂ ಬೇರೆಯಾಗುತ್ತದೆ. ನಿಘಂಟೇ ದತ್ತಾಂಶದಷ್ಟು ಉಬ್ಬುತ್ತದೆ. ಅದನ್ನೇ ಎರಡಾಗಿ ಸೀಳಿ: ದಿನಾಂಕಕ್ಕೆ 300 ಬೆಲೆ, ಸಮಯಕ್ಕೆ ಹೆಚ್ಚೆಂದರೆ 86,400. ಸೆಕೆಂಡ್ ಬೇಡ, ನಿಮಿಷ ಸಾಕು ಎಂದರೆ 1,440. ಪವರ್ ಬಿಐ ಫೈಲ್ ಭಾರವಾಗಿ ತೆವಳುತ್ತಿದ್ದರೆ ಪಳಗಿದವರು ಮೊದಲು ನೋಡುವುದು ಇಂಥ ಕಂಬಸಾಲುಗಳನ್ನೇ.

ಫೈನಲ್, ಫೈನಲ್-2, ಫೈನಲ್-ಹೊಸದು

ಎಲ್ಲರ ಕೈಗೂ ಇಷ್ಟು ವೇಗದ ಎಂಜಿನ್ ಸಿಕ್ಕಿದರೆ ಎಲ್ಲರೂ ತಮ್ಮ ತಮ್ಮ ಫೈಲ್ ಮಾಡಿಕೊಳ್ಳುತ್ತಾರೆ. ಸೋಮವಾರದ ಮೀಟಿಂಗಿಗೆ ಪ್ರೊಡಕ್ಷನ್‌ನವರ ಹತ್ತಿರ ಒಂದು ಸಂಖ್ಯೆ, ಕ್ವಾಲಿಟಿಯವರ ಹತ್ತಿರ ಇನ್ನೊಂದು. ಮೇಲ್‌ನಲ್ಲಿ ಓಡಾಡುವ ಫೈಲುಗಳಲ್ಲಿ ಯಾವುದು ತಾಜಾ ಎಂದು ಹೇಳುವವರಿಲ್ಲ. ಈ ಗೊಂದಲ ಬರುತ್ತದೆಂದು ಗೊತ್ತಿದ್ದೇ 2010ರಲ್ಲಿ ಪವರ್‌ಪಿವಟ್‌ನ ಇನ್ನೊಂದು ಅರ್ಧವನ್ನು ಶೇರ್‌ಪಾಯಿಂಟ್ ಒಳಗೆ ಇಡಲಾಯಿತು. ಶೇರ್‌ಪಾಯಿಂಟ್ ಎಂದರೆ ಕಚೇರಿಯ ಕಡತ, ಪುಟ, ಅನುಮತಿಗಳನ್ನು ಒಂದೆಡೆ ಇಡುವ, 2001ರಿಂದ ಬಳಕೆಯಲ್ಲಿರುವ ವೇದಿಕೆ. ಮಾಡಿದ ಫೈಲನ್ನು ಅಲ್ಲಿಗೆ ಏರಿಸಿದರೆ ಉಳಿದವರು ಬ್ರೌಸರಿನಲ್ಲೇ ತೆರೆದು ನೋಡಬಹುದಿತ್ತು. ಹೊಸ ದತ್ತಾಂಶವನ್ನು ನಿಗದಿಯಾದ ಹೊತ್ತಿಗೆ ಸರ್ವರ್ ತಾನೇ ಎಳೆದುಕೊಳ್ಳುತ್ತಿತ್ತು. ಯಾವ ಫೈಲನ್ನು ಎಷ್ಟು ಜನ ನೋಡುತ್ತಿದ್ದಾರೆ ಎಂಬುದು ಐಟಿಯವರಿಗೆ ಕಾಣುತ್ತಿತ್ತು. ಇಂದು ಆ ಜಾಗವನ್ನು ಪವರ್ ಬಿಐ ಸೇವೆ ಮತ್ತು ಟೀಮ್ಸ್ ತುಂಬಿವೆ: ಚಾನೆಲ್‌ನ ಒಂದು ಟ್ಯಾಬಿನಲ್ಲಿ ಚಾರ್ಟ್, ಪಕ್ಕದಲ್ಲೇ ಮಾತುಕತೆ.

ಒಂದೇ ಪ್ರತಿ ಇದ್ದರೆ ಒಂದೇ ಸೂತ್ರವೂ ಇರಬಹುದು. ಇದರ ಬೆಲೆ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಹಗಲು ಶಿಫ್ಟಿನಲ್ಲಿ 1,000 ಪೀಸಿಗೆ 20 ರಿಜೆಕ್ಟ್, ಅಂದರೆ ಶೇ. 2. ರಾತ್ರಿ 100 ಪೀಸಿಗೆ 10, ಅಂದರೆ ಶೇ. 10. ಎರಡು ಶೇಕಡಾಗಳ ಸರಾಸರಿ ತೆಗೆದವರು ಶೇ. 6 ಎನ್ನುತ್ತಾರೆ. ಒಟ್ಟು ರಿಜೆಕ್ಟನ್ನು ಒಟ್ಟು ಪೀಸಿನಿಂದ ಭಾಗಿಸಿದವರು ಶೇ. 2.7 ಎನ್ನುತ್ತಾರೆ. ಕಾರ್ಖಾನೆಯ ನಿಜಸ್ಥಿತಿ ಎರಡನೆಯದು. ಸೂತ್ರವನ್ನು ಒಬ್ಬರು ಒಮ್ಮೆ ಸರಿಯಾಗಿ ಬರೆದು ಹಂಚಿಕೊಂಡ ಮಾಡೆಲ್‌ನಲ್ಲಿ ಇಟ್ಟರೆ ಉಳಿದವರ ಚಾರ್ಟುಗಳೆಲ್ಲ ಅದನ್ನೇ ಬಳಸುತ್ತವೆ.

ಕೂಡಿಸಿದಾಗ ತಿರುಗಿಬೀಳುವ ಲೆಕ್ಕ

ಸೂತ್ರ ಸರಿಯಿದ್ದೂ ಚಾರ್ಟ್ ದಾರಿ ತಪ್ಪಿಸಬಹುದು. ಮಾಲೀಕರ ಪ್ರಶ್ನೆಗೆ ಬರೋಣ. ಒಂದೊಂದು ಸಾವಿರ ಪೀಸ್ ತೆಗೆದ ಎರಡು ಮೆಷಿನ್‌ಗಳನ್ನು ಹೋಲಿಸಿ. ನಾಲ್ಕನೇ ಮೆಷಿನ್ನಿನಲ್ಲಿ 28 ರಿಜೆಕ್ಟ್, ಏಳನೆಯದರಲ್ಲಿ 73. ಚಾರ್ಟಿನಲ್ಲಿ ಏಳರ ಕಂಬ ಎರಡೂವರೆ ಪಟ್ಟು ಎತ್ತರ, ಅದೂ ಕೆಂಪು ಬಣ್ಣದಲ್ಲಿ. ಈಗ ಜಾಬ್ ಪ್ರಕಾರ ಒಡೆದು ನೋಡಿ. ಮೈಲ್ಡ್ ಸ್ಟೀಲಿನ (ಎಂಎಸ್) ಸುಲಭದ ಜಾಬ್‌ನಲ್ಲಿ ನಾಲ್ಕನೆಯದು 900 ಪೀಸ್ ಮಾಡಿ 18 ಕೆಡಿಸಿದೆ, ಶೇ. 2, ಏಳನೆಯದು 100 ಮಾಡಿ ಒಂದನ್ನು ಕೆಡಿಸಿದೆ, ಶೇ. 1. ಸ್ಟೇನ್‌ಲೆಸ್ ಸ್ಟೀಲಿನ (ಎಸ್‌ಎಸ್) ಕಷ್ಟದ ಜಾಬ್‌ನಲ್ಲಿ ನಾಲ್ಕನೆಯದು 100ಕ್ಕೆ 10, ಶೇ. 10, ಏಳನೆಯದು 900ಕ್ಕೆ 72, ಶೇ. 8. ಎರಡೂ ಜಾಬ್‌ಗಳಲ್ಲಿ ಏಳೇ ಮೇಲು. ಅದಕ್ಕೆ ಕಷ್ಟದ ಕೆಲಸ ಜಾಸ್ತಿ ಬಿದ್ದದ್ದರಿಂದ ಮೊತ್ತದಲ್ಲಿ ಕೆಟ್ಟದ್ದಾಗಿ ಕಂಡಿತು.

ಸಂಖ್ಯಾಶಾಸ್ತ್ರದಲ್ಲಿ ಇದು ಸಿಂಪ್ಸನ್ನನ ವಿರೋಧಾಭಾಸ. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದ. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44 ಮಂದಿಗೆ, ಹೆಂಗಸರಲ್ಲಿ ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ತಾರತಮ್ಯ ಎದ್ದು ಕಾಣುವಂತಿತ್ತು. ವಿಭಾಗವಾರು ಒಡೆದು ನೋಡಿದಾಗ ಆ ಚಿತ್ರ ಉಳಿಯಲಿಲ್ಲ; ಸೀಟು ಕಡಿಮೆ, ಪೈಪೋಟಿ ಹೆಚ್ಚು ಇದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ವರ್ಟಿಪ್ಯಾಕ್‌ನಂಥ ಎಂಜಿನ್ ಈ ಬಲೆಗೆ ನಮ್ಮನ್ನು ಬೇಗ ಕೆಡವುತ್ತದೆ. ಅದರ ವೇಗ ಬಂದದ್ದೇ ಅಡ್ಡಸಾಲನ್ನು ಬಿಡಿಸಿದ್ದರಿಂದ. ಆದರೆ ಸಂಗತಿ ಇದ್ದದ್ದು ಅಡ್ಡಸಾಲಿನಲ್ಲಿ: ಯಾವ ರಾತ್ರಿ, ಯಾವ ಮೆಷಿನ್, ಯಾರ ಕೈಯಲ್ಲಿ, ಯಾವ ಲೋಹದ ಜಾಬ್. ಮೆಷಿನ್ ನಂಬರನ್ನೂ ಫಲಿತಾಂಶವನ್ನೂ ಮಾತ್ರ ಎಳೆದು ಚಾರ್ಟ್ ಮಾಡಿದವರಿಗೆ ಜಾಬ್ ಕಂಬಸಾಲು ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ಎಂಜಿನ್ ಅದನ್ನು ಓದುವ ಗೋಜಿಗೇ ಹೋಗಿರುವುದಿಲ್ಲ. ಮಾತಿನಲ್ಲಿ ಕೇಳಿದರೆ ಚಾರ್ಟ್ ಬರೆದುಕೊಡುವ ಕೋಪೈಲಟ್‌ನಂಥ ಸಲಕರಣೆಗಳೂ ಈಗ ಬಂದಿವೆ. ಕೇಳುವುದು ಅದರಿಂದ ಇನ್ನಷ್ಟು ಹಗುರಾಯಿತು, ಏನನ್ನು ಕೇಳಬೇಕೆಂಬ ಭಾರ ಹಾಗೆಯೇ ಇದೆ.

ಚಾರ್ಟ್ ಮಾಡಿದವರೊಬ್ಬರೇ ನೋಡಿದರೆ ಏಳನೇ ಮೆಷಿನ್ನಿನ ಆಪರೇಟರ್‌ಗೆ ಇನ್ಸೆಂಟಿವ್ ಹೋಯಿತೆಂದೇ ಲೆಕ್ಕ. ಅದೇ ಚಾರ್ಟನ್ನು ಶಾಪ್‌ಫ್ಲೋರ್‌ನವರೂ ಇರುವ ಚಾನೆಲ್‌ನಲ್ಲಿ ಹಾಕಿದರೆ ಸೂಪರ್‌ವೈಸರ್ ಅರ್ಧ ನಿಮಿಷದಲ್ಲಿ ಬರೆಯುತ್ತಾರೆ: ‘ಸಾರ್, ಏಳಕ್ಕೆ ಜಾಸ್ತಿ ಎಸ್‌ಎಸ್ ಜಾಬೇ ಹಾಕ್ತೀವಲ್ಲ, ಎಂಎಸ್ ಬೇರೆ ಮಾಡಿ ನೋಡಿ.’ ಹಂಚುವ ವೇದಿಕೆಯ ನಿಜವಾದ ಉಪಯೋಗ ಇದು. ಎಂಜಿನ್ ಬಿಡಿಸಿಟ್ಟ ಸಾಲನ್ನು ಮತ್ತೆ ಜೋಡಿಸಬಲ್ಲವರು ಆ ಸಾಲು ಹುಟ್ಟಿದಾಗ ಮೆಷಿನ್ ಮುಂದೆ ನಿಂತಿದ್ದವರು. ಅವರಿಗೆ ನೋಡುವ ಅನುಮತಿಯನ್ನೇ ಕೊಡದೆ ಮ್ಯಾನೇಜರುಗಳಷ್ಟೇ ನೋಡುವ ಡ್ಯಾಶ್‌ಬೋರ್ಡ್‌ಗೆ ಈ ತಿದ್ದುಪಡಿ ಬರುವ ದಾರಿಯೇ ಇಲ್ಲ.

ಪೀಣ್ಯದ ಸಣ್ಣ ಘಟಕಗಳಿಗೆ ಇದೆಲ್ಲ ದೂರದ ಮಾತಲ್ಲ. ಬಹಳಷ್ಟು ಕಡೆ ಲೆಕ್ಕ ಈಗಾಗಲೇ ಟ್ಯಾಲಿಯಲ್ಲಿದೆ. 1986ರಲ್ಲಿ ಶುರುವಾದ ಬೆಂಗಳೂರಿನದೇ ಕಂಪನಿಯ ಸಾಫ್ಟ್‌ವೇರ್ ಅದು, ಅದರಿಂದ ಮಾಹಿತಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಪವರ್ ಬಿಐ ಡೆಸ್ಕ್‌ಟಾಪ್‌ಗೆ ದುಡ್ಡಿಲ್ಲ; ಸಹೋದ್ಯೋಗಿಗಳೊಂದಿಗೆ ಹಂಚಿಕೊಳ್ಳಲು ತಿಂಗಳ ಚಂದಾ ಬೇಕು. ಅದೂ ಹೊರೆ ಎನ್ನುವವರಿಗೆ ಮೆಟಾಬೇಸ್, ಸೂಪರ್‌ಸೆಟ್‌ನಂಥ ಮುಕ್ತ ತಂತ್ರಾಂಶಗಳಿವೆ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೆ ಕಂಪ್ಯೂಟರೇ ಬೇಡ. ರಿಜೆಕ್ಷನ್ ಕಾರಣ ಬರೆಯುವಾಗ ಒಬ್ಬರು ‘ಬೋರ್ ಓವರ್’, ಇನ್ನೊಬ್ಬರು ‘ಓವರ್‌ಸೈಜ್’, ಮತ್ತೊಬ್ಬರು ‘ಬೋರ್ ದೊಡ್ಡದು’ ಎಂದು ಬರೆದರೆ ಎಂಜಿನ್ನಿನ ನಿಘಂಟಿನಲ್ಲಿ ಅವು ಮೂರು ಬೇರೆ ನಂಬರ್‌ಗಳು. ಮೂರೂ ಒಂದೇ ದೋಷ ಎಂದು ಅದಕ್ಕೆ ಎಂದೂ ಹೊಳೆಯದು. ಅತಿ ಹೆಚ್ಚು ಕಾಡುವ ದೋಷ ಮೂರು ಚೂರಾಗಿ ಪಟ್ಟಿಯ ಕೆಳಗೆ ಅಡಗಿಕೊಳ್ಳುತ್ತದೆ. ಆದ್ದರಿಂದ ಮೂರೂ ಶಿಫ್ಟಿನ ಆಪರೇಟರ್‌ಗಳನ್ನು ಕೂರಿಸಿಕೊಂಡು ಕಾರಣಗಳ ಪಟ್ಟಿಯನ್ನು ಮೊದಲು ಗೊತ್ತುಮಾಡಿ. ರೀವರ್ಕ್ ಆದ ಪೀಸು ರಿಜೆಕ್ಷನ್ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬುದನ್ನೂ ಅಲ್ಲೇ ತೀರ್ಮಾನಿಸಿ, ಚಾರ್ಟಿನ ಕೆಳಗೆ ಒಂದು ಸಾಲಿನಲ್ಲಿ ಬರೆದಿಡಿ. ಹದಿನಾಲ್ಕು ಲಕ್ಷ ಸಾಲು ಕೂಡಿಸುವುದನ್ನು ಎಂಜಿನ್ ನೋಡಿಕೊಳ್ಳುತ್ತದೆ.