ಅರ್ಧ ಶಾವಿಗೆ, ಅರ್ಧ ಸೋರೆಕಾಯಿ: ಹೊಟ್ಟೆ ತುಂಬಬೇಕು, ಕ್ಯಾಲೊರಿ ಇಳಿಯಬೇಕು



ನಮ್ಮ ಕೂಟಗಳಲ್ಲಿ ಊಟದ ಹೊತ್ತಾಗುತ್ತಿದ್ದಂತೆ ಒಂದು ಮಾತು ಈಗೀಗ ತಪ್ಪದೆ ಕೇಳಿಬರುತ್ತದೆ: "ನನಗೆ ಅನ್ನ ಬೇಡಮ್ಮಾ, ಶುಗರ್ ಇದೆ." ಹಾಗೆಂದು ಎರಡು ಸೌಟು ಪಲ್ಯ ಹಾಕಿಸಿಕೊಂಡು ಎದ್ದವರೇ ನಾಲ್ಕು ಗಂಟೆಗೆ ಕಾಫಿಯ ಜೊತೆ ಮೂರು ನಿಪ್ಪಟ್ಟು ತಿನ್ನುವುದನ್ನೂ ನೋಡಿದ್ದೇವೆ. ಅವರನ್ನು ದೂರುವಂತಿಲ್ಲ. ಹೊಟ್ಟೆ ತುಂಬದ ಪಥ್ಯ ಒಂದು ವಾರಕ್ಕಿಂತ ಹೆಚ್ಚು ನಡೆಯುವುದಿಲ್ಲ. ಹಾಗಾಗಿ ಈ ಸಲ ತಟ್ಟೆ ತುಂಬ ಇರುವ, ಆದರೆ ಕ್ಯಾಲೊರಿ ಕಡಿಮೆ ಇರುವ ಶಾವಿಗೆ ಊಟದ ಬಗ್ಗೆ ಬರೆಯುತ್ತಿದ್ದೇವೆ. ಸೇಲಂ, ಧರ್ಮಪುರಿ, ಪಾಲಕ್ಕೋಡು, ಹೊಸೂರು ಎಲ್ಲಿದ್ದರೂ ಸಿಗುವ ಸಾಮಾನಿನಿಂದಲೇ ಇದನ್ನು ಮಾಡಬಹುದು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಅಕ್ಕಿ ಬಿಟ್ಟು ರಾಗಿಗೆ ಬಂದರೆ ಊಟ ತಾನೇ ಹಗುರವಾಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. 2023ರಲ್ಲಿ ಧರ್ಮಪುರಿ ಮತ್ತು ನೀಲಗಿರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ ಎರಡು ಕೆಜಿ ಅಕ್ಕಿಯ ಬದಲು ರಾಗಿ ಕೊಡುವ ಏರ್ಪಾಡು ಬಂದಾಗ ಈ ನಂಬಿಕೆ ಇನ್ನಷ್ಟು ಬಲವಾಯಿತು. ರಾಗಿ ಒಳ್ಳೆಯದೇ, ಅನುಮಾನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದೆ, 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿ ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಕ್ಯಾಲೊರಿ ನೋಡಿದರೆ ರಾಗಿ ಸುಮಾರು 320, ಅಕ್ಕಿ ಸುಮಾರು 355. ನಮ್ಮ ಬೆಟ್ಟದ ಕಡೆ ಬೆಳೆಯುವ ಸಾಮೆಯೂ 340ರ ಮೇಲೆಯೇ. ಮುದ್ದೆಯ ಗಾತ್ರ ಹಾಗೆಯೇ ಇದ್ದು ಬಣ್ಣ ಮಾತ್ರ ಬದಲಾದರೆ ತೂಕ ಇಳಿಯುವುದಿಲ್ಲ. ನಯವಾಗಿ ಬೀಸಿ ತೆಳ್ಳಗೆ ಕಾಸಿದ ರಾಗಿ ಗಂಜಿ ಕೆಲವರಿಗೆ ಸಕ್ಕರೆಯನ್ನು ಬೇಗನೆ ಏರಿಸುವುದೂ ಉಂಟು.

ಇನ್ನೊಂದು ಮಾತು ಸೇಲಂನವರಿಗೆ ಹೇಳುವುದು ಕಷ್ಟ, ಆದರೂ ಹೇಳಬೇಕು. ಸಬ್ಬಕ್ಕಿ ನಮ್ಮೂರಿನ ಹೆಮ್ಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರದೇಶದ ಸಾಗೊ ಬರುವುದು ನಿಂತಾಗ ಮರಗೆಣಸಿನಿಂದ ಇದನ್ನು ತೆಗೆಯುವ ಕೆಲಸ ಇಲ್ಲಿ ಬೇರೂರಿತು. 1981ರಲ್ಲಿ ತಯಾರಕರ ಸಹಕಾರ ಸಂಘವಾದ ಸಾಗೊಸರ್ವ್ ಹುಟ್ಟಿತು, 2023ರಲ್ಲಿ ಸೇಲಂ ಜವ್ವರಿಸಿಗೆ ಭೌಗೋಳಿಕ ಗುರುತು ಸಿಕ್ಕಿತು. ಎಲ್ಲ ಸರಿ. ಆದರೆ ಉಪವಾಸಕ್ಕೆ ತಿನ್ನುತ್ತೇವೆಂದು ಅದು ಲಘು ಆಹಾರವಾಗುವುದಿಲ್ಲ. ಸಬ್ಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟ. 100 ಗ್ರಾಮಿಗೆ 350 ಕ್ಯಾಲೊರಿ, ಪ್ರೋಟೀನ್ ಇಲ್ಲವೆಂದೇ ಹೇಳಬಹುದು. ಶುಗರ್ ಇರುವವರು ರಾತ್ರಿ ಅನ್ನದ ಬದಲು ಸಬ್ಬಕ್ಕಿ ಉಪ್ಪಿಟ್ಟು ತಿನ್ನುತ್ತಿದ್ದರೆ ದಯವಿಟ್ಟು ಇನ್ನೊಮ್ಮೆ ಯೋಚಿಸಿ.

ಹಾಗಾದರೆ ಕ್ಯಾಲೊರಿ ಇಳಿಸುವುದು ಯಾವುದು? ನೀರು ಮತ್ತು ನಾರು ತುಂಬಿದ ತರಕಾರಿ. ಸೋರೆಕಾಯಿ, ಬೂದುಗುಂಬಳ, ಸೀಮೆಬದನೆ ಇವೆಲ್ಲ 100 ಗ್ರಾಮಿಗೆ 20 ಕ್ಯಾಲೊರಿಯ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಜನ ದಿನದಿಂದ ದಿನಕ್ಕೆ ತಿನ್ನುವ ಊಟದ ತೂಕ ಹೆಚ್ಚೇನೂ ಬದಲಾಗುವುದಿಲ್ಲ. ಅದೇ ತೂಕದ ಊಟದಲ್ಲಿ ಕ್ಯಾಲೊರಿ ತಗ್ಗಿಸಿದರೂ ಹೊಟ್ಟೆ ತುಂಬಿದಂತೆಯೇ ಇರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ತರಕಾರಿಯನ್ನು ಎಳೆಯಾಗಿ ಕತ್ತರಿಸಿ ಶಾವಿಗೆಯ ಜೊತೆ ಬೆರೆಸುವುದರ ಹಿಂದಿರುವುದೂ ಇದೇ ಲೆಕ್ಕ.

ಈಗ ಕೆಲವು ಮನೆಗಳಿಗೆ ಆನ್‌ಲೈನಿನಲ್ಲಿ ಜಪಾನಿನ "ಶಿರಾಟಕಿ" ನೂಡಲ್ಸ್ ಬರುತ್ತಿದೆ. ಮಕ್ಕಳು ಬೆಂಗಳೂರಿನಿಂದ ಕಳಿಸುತ್ತಾರೆ. ಅದು ಕೊಂಜಾಕ್ ಎಂಬ ಗಡ್ಡೆಯ ನಾರಿನಿಂದ ಮಾಡಿದ್ದು, 100 ಗ್ರಾಮಿಗೆ ಸುಮಾರು 10 ಕ್ಯಾಲೊರಿ ಅಷ್ಟೇ. ಸಸ್ಯಶಾಸ್ತ್ರದ ಪ್ರಕಾರ ಆ ಗಡ್ಡೆ ನಮ್ಮ ಸುವರ್ಣಗಡ್ಡೆಯ ಹತ್ತಿರದ ನೆಂಟ. ಆದರೆ ನೆಂಟಸ್ತಿಕೆ ಹಿಡಿದು ಸುವರ್ಣಗಡ್ಡೆಯಿಂದ ನೂಡಲ್ಸ್ ಮಾಡಲು ಹೋಗಬೇಡಿ, ನಮ್ಮದರಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಶಿರಾಟಕಿ ತಿಂದು ನೋಡಿದವರ ಅಭಿಪ್ರಾಯ ಒಂದೇ: ರಬ್ಬರಿನ ಹಾಗಿದೆ, ಮೀನಿನ ವಾಸನೆ ಬರುತ್ತದೆ. ಚೆನ್ನಾಗಿ ತೊಳೆದು ಒಣ ಬಾಣಲೆಯಲ್ಲಿ ಹುರಿದರೆ ವಾಸನೆ ಹೋಗುತ್ತದೆ. ಆದರೂ ಒಂದು ಹೊತ್ತಿನ ಊಟಕ್ಕೆ ಅಷ್ಟು ದುಡ್ಡು ಕೊಡುವ ಅಗತ್ಯ ನಮಗೆ ಕಾಣಲಿಲ್ಲ.

ನಾವು ಮೊದಲು ಮಾಡಿದ್ದು ಬರೀ ಸೋರೆಕಾಯಿಯ "ನೂಡಲ್ಸ್." ನೋಡಲು ಚೆಂದ ಇತ್ತು. ಬೆಳಿಗ್ಗೆ ಎಂಟಕ್ಕೆ ತಿಂದವರಿಗೆ ಹನ್ನೊಂದಕ್ಕೆಲ್ಲ ಹೊಟ್ಟೆ ಚುರುಗುಟ್ಟಿತು. ಹಿರಿಯರೊಬ್ಬರಂತೂ, "ಇದು ಪಲ್ಯ. ಪಲ್ಯ ಬಡಿಸಿದಿರಿ, ಈಗ ಊಟ ಬಡಿಸಿ" ಎಂದರು. ಅವರು ಹೇಳಿದ್ದು ಸರಿ. ತರಕಾರಿ ಹೊಟ್ಟೆಯನ್ನು ಹಿಗ್ಗಿಸುತ್ತದೆ, ಆದರೆ ಹಸಿವನ್ನು ಗಂಟೆಗಟ್ಟಲೆ ತಡೆಹಿಡಿಯಲು ಬೇಳೆಕಾಳಿನ ಪ್ರೋಟೀನೂ ಸ್ವಲ್ಪ ಧಾನ್ಯವೂ ಬೇಕು. ನಾಲ್ಕೈದು ಸಲ ಹೆಚ್ಚುಕಡಿಮೆ ಮಾಡಿ ನೋಡಿದ ಮೇಲೆ ನಮಗೆ ಹಿಡಿಸಿದ ಅಳತೆ ಇದು, ಒಬ್ಬರಿಗೆ:

ರಾಗಿಹಿಟ್ಟು 30 ಗ್ರಾಂ ಮತ್ತು ಅಕ್ಕಿಹಿಟ್ಟು 10 ಗ್ರಾಂ, ಸಿಪ್ಪೆ ತೆಗೆದ ಎಳೆ ಸೋರೆಕಾಯಿ 300 ಗ್ರಾಂ, ಹುರುಳಿ 30 ಗ್ರಾಂ (ಹಿಂದಿನ ದಿನವೇ ನೆನೆಸಿ ಮೊಳಕೆ ಬರಿಸಿದ್ದು), ಒಂದು ಈರುಳ್ಳಿ, ಒಂದು ಟೊಮ್ಯಾಟೊ, ಎಣ್ಣೆ ಒಂದು ಟೀ ಚಮಚ. ಸಾಸಿವೆ, ಕರಿಬೇವು, ಹಸಿಮೆಣಸು, ಶುಂಠಿ, ಕೊತ್ತಂಬರಿ, ನಿಂಬೆಹಣ್ಣು ಎಷ್ಟಾದರೂ ಆಗಲಿ, ಅದಕ್ಕೆ ಲೆಕ್ಕ ಇಡಬೇಕಿಲ್ಲ.

ಸೋರೆಕಾಯಿಯನ್ನು ಕತ್ತರಿಸಿದ ಕೂಡಲೆ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿಯನ್ನು ಎಸೆಯಿರಿ. ಅರ್ಧ ಕಹಿ, ಅರ್ಧ ಚೆನ್ನಾಗಿದೆ ಎಂದು ಉಳಿಸಿಕೊಳ್ಳಬೇಡಿ. ಕಹಿ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಜೀವ ಹೋದದ್ದುಂಟು, ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಹೀರೆ, ಪಡವಲ, ಸೌತೆಗೂ ಇದೇ ಮಾತು.

ಎಳೆ ಮಾಡಲು ಹೊಸ ಯಂತ್ರ ಬೇಡ. ಸಿಪ್ಪೆ ಹೆರೆಯುವ ಪೀಲರಿನಿಂದಲೇ ಉದ್ದುದ್ದಕ್ಕೆ ಪಟ್ಟಿ ತೆಗೆಯಿರಿ, ಬೀಜದ ತಿರುಳು ಬಂದಾಗ ನಿಲ್ಲಿಸಿ. ಐದಾರು ಪಟ್ಟಿ ಒಂದರ ಮೇಲೊಂದಿಟ್ಟು ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಶಾವಿಗೆಯಷ್ಟು ಉದ್ದದ ಎಳೆಗಳು ಸಿಗುತ್ತವೆ. ತುರಿಮಣೆಯಾದರೆ ದೊಡ್ಡ ಕಣ್ಣಿನ ಕಡೆ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಸೇಲಂನ ಸಂಜೆಯ ತಳ್ಳುಗಾಡಿಗಳಲ್ಲಿ ತಟ್ಟುವಡೆ ಸೆಟ್ ಮಾಡುವವರು ಕ್ಯಾರೆಟ್, ಬೀಟ್‌ರೂಟ್ ತುರಿಯುವುದನ್ನು ಒಮ್ಮೆ ನಿಂತು ನೋಡಿ, ಆ ಕೈ ನಮಗೆ ಯಾರಿಗೂ ಬರುವುದಿಲ್ಲ. ಎಳೆಗಳಿಗೆ ಅರ್ಧ ಚಮಚ ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಹಿಂಡಿ. ಈ ಹಿಂಡುವ ಕೆಲಸ ತಪ್ಪಿಸಿದರೆ ಕೊನೆಗೆ ಬಾಣಲೆಯಲ್ಲಿ ಸಾರು ಆಗುತ್ತದೆ, ಅನುಭವದಿಂದ ಹೇಳುತ್ತಿದ್ದೇವೆ.

ಹಿಂಡಿದ ನೀರನ್ನು ಚೆಲ್ಲದೆ ಕುದಿಸಿ, ಬಿಸಿಬಿಸಿ ಇರುವಾಗಲೇ ಸ್ವಲ್ಪಸ್ವಲ್ಪವಾಗಿ ಹಿಟ್ಟಿಗೆ ಹಾಕಿ ಕಲಸಿ. ಅದರಲ್ಲೇ ಉಪ್ಪಿದೆ, ಮತ್ತೆ ಹಾಕಬೇಡಿ. ರಾಗಿ ಒಂದನ್ನೇ ಒತ್ತಿದರೆ ಎಳೆ ಮುರಿಯುತ್ತದೆ, ಅದಕ್ಕೇ ಆ 10 ಗ್ರಾಂ ಅಕ್ಕಿಹಿಟ್ಟು. ಒರಳಿನಲ್ಲಿ ಒತ್ತಿ, ಇಡ್ಲಿ ತಟ್ಟೆಯಲ್ಲಿ ಎಂಟು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಿದ ಮೇಲೆ ಬಿಡಿಸಿ. ಅಂಗಡಿಯ ರಾಗಿ ಶಾವಿಗೆ ತರುವುದಾದರೆ ಪೊಟ್ಟಣದ ಹಿಂದಿನ ಪಟ್ಟಿ ಓದಿ. ಮೊದಲು ಬರೆದಿರುವ ಪದಾರ್ಥವೇ ತೂಕದಲ್ಲಿ ಹೆಚ್ಚಿನದು. ಮುಂದೆ ರಾಗಿಯ ಚಿತ್ರ, ಹಿಂದೆ ಮೊದಲ ಹೆಸರು ಗೋಧಿ ಎಂದಿರುವ ಪೊಟ್ಟಣಗಳು ಬಹಳ.

ಮೊಳಕೆ ಹುರುಳಿಯನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳಿ. ಒಗ್ಗರಣೆ ಹಾಕಿ, ಈರುಳ್ಳಿ, ಟೊಮ್ಯಾಟೊ ಬಾಡಿಸಿ, ಹುರುಳಿ ಸೇರಿಸಿ, ಉರಿ ದೊಡ್ಡದು ಮಾಡಿ ಸೋರೆಕಾಯಿ ಎಳೆ ಹಾಕಿ ಎರಡೇ ನಿಮಿಷ ತಿರುವಿ. ಮುಚ್ಚಳ ಮುಚ್ಚಬಾರದು. ಕೊನೆಗೆ ಶಾವಿಗೆ ಹಾಕಿ ಮೆಲ್ಲಗೆ ಬೆರೆಸಿ, ನಿಂಬೆ ಹಿಂಡಿ ಇಳಿಸಿ. ಹುರುಳಿ ಕಟ್ಟಿನ ಸಾರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.

ಲೆಕ್ಕ ನೋಡೋಣ. ಹಿಟ್ಟಿಗೆ 130, ಸೋರೆಕಾಯಿಗೆ 45, ಹುರುಳಿಗೆ 100, ಎಣ್ಣೆಗೆ 45, ಈರುಳ್ಳಿ ಟೊಮ್ಯಾಟೊಗೆ 40. ಒಟ್ಟು ಸುಮಾರು 360 ಕ್ಯಾಲೊರಿ, ತಟ್ಟೆಯಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋ ಊಟ. ಮನೆಯಲ್ಲಿ ನಾವು ಸಾಮಾನ್ಯವಾಗಿ ಮಾಡುವ ಶಾವಿಗೆ ಉಪ್ಪಿಟ್ಟಿನಲ್ಲಿ ಒಬ್ಬರಿಗೆ 100 ಗ್ರಾಂ ಶಾವಿಗೆಯೇ 350, ಎರಡು ದೊಡ್ಡ ಚಮಚ ಎಣ್ಣೆ 240. ಕಡಲೆಕಾಯಿ ಬೀಜ ಹಾಕುವ ಮೊದಲೇ 600ರ ಹತ್ತಿರ ಬಂದಾಯಿತು. ಎಣ್ಣೆಯನ್ನು ಕಣ್ಣಂದಾಜಿನಲ್ಲಿ ಸುರಿಯುವವರು ಒಂದು ದಿನ ಚಮಚದಲ್ಲಿ ಅಳೆದು ನೋಡಿ, ನಮ್ಮಲ್ಲಿ ಅಳೆದವರೆಲ್ಲ ಬೆಚ್ಚಿಬಿದ್ದರು.

ಸೋರೆಕಾಯಿ ಬೇಸರವಾದರೆ ಸೀಮೆಬದನೆ. ಇದು ಗಟ್ಟಿ, ಹೆಚ್ಚು ನೀರು ಬಿಡುವುದಿಲ್ಲ, ಹುಣಸೆಹುಳಿ, ಬೆಲ್ಲದ ಚೂರು ಹಾಕಿದ ಗೊಜ್ಜಿಗೆ ಚೆನ್ನಾಗಿ ಹೊಂದುತ್ತದೆ. ಮಕ್ಕಳಿಗೆ ಎಲೆಕೋಸನ್ನು ನೂಲಿನಂತೆ ಹೆಚ್ಚಿ ಕ್ಯಾರೆಟ್ ಜೊತೆ ಕೊಡಬಹುದು, ಆದರೆ ಬೆಳೆಯುವ ಮಕ್ಕಳಿಗೆ ಶಾವಿಗೆ ಕಡಿತ ಮಾಡಬೇಡಿ. ಬಾಳೆದಿಂಡು ನಮ್ಮ ಮೆಚ್ಚಿನದು. ಹೊರಪದರ ಬಿಡಿಸಿ, ಬಿಲ್ಲೆ ಕೊಯ್ದು, ಬೆರಳಿಗೆ ನಾರು ಸುತ್ತಿ ತೆಗೆದು, ಕಪ್ಪಾಗದಂತೆ ನೀರುಮಜ್ಜಿಗೆಯಲ್ಲಿ ಹಾಕುವುದು ಗೊತ್ತೇ ಇದೆ. ಅದು ಶಾವಿಗೆಯಂತೆ ಮೆತ್ತಗಾಗುವುದಿಲ್ಲ, ಅಗಿಯಬೇಕು. ಅಗಿಯುವುದರಿಂದಲೇ ಊಟ ನಿಧಾನವಾಗುತ್ತದೆ, ನಿಧಾನವಾದರೆ ಸಾಕು ಅನ್ನಿಸುವುದು ಬೇಗ. ಉಳವರ್ ಸಂದೆಗಳಲ್ಲಿ ಬೆಳಗ್ಗೆ ಬೇಗ ಹೋದರೆ ಇವೆಲ್ಲ ಎಳೆಯದಾಗಿಯೇ ಸಿಗುತ್ತವೆ.

ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ಓದಿ. ಔಷಧದ ಪ್ರಮಾಣ ನೀವು ಈಗ ತಿನ್ನುತ್ತಿರುವ ಅನ್ನ ಮುದ್ದೆಗೆ ಹೊಂದಿಸಿದ್ದು. ಒಮ್ಮೆಲೆ ಪಿಷ್ಟ ಅರ್ಧಕ್ಕೆ ಇಳಿಸಿ ಮಾತ್ರೆ ಹಾಗೆಯೇ ನುಂಗಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೈ ನಡುಕ, ಬೆವರು, ತಲೆಸುತ್ತು ಅದರ ಲಕ್ಷಣ. ವೈದ್ಯರಿಗೆ ತಿಳಿಸಿಯೇ ಶುರುಮಾಡಿ, ಮೊದಲ ವಾರ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದು ತರಕಾರಿ, ಕಾಳುಗಳಿಗೆ ಮಿತಿ ಹೇಳಿಸಿಕೊಂಡವರು, ಗರ್ಭಿಣಿಯರು ಈ ಅಳತೆಯನ್ನು ತಾವಾಗಿ ಅನುಸರಿಸಬಾರದು.

ಮುಂದಿನ ಕೂಟದ ಮಧ್ಯಾಹ್ನದ ಊಟಕ್ಕೆ ಅನ್ನ ಸಾರಿನ ಜೊತೆ ಈ ಶಾವಿಗೆಯನ್ನೂ ಮಾಡುತ್ತೇವೆ. ಪಾಯಸವೂ ಇರುತ್ತದೆ, ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ, ಲೋಟ ಸಣ್ಣದಿರುತ್ತದೆ ಅಷ್ಟೇ. ಮನೆಯಲ್ಲಿ ಹಿತ್ತಾಳೆಯ ಶಾವಿಗೆ ಒರಳು ಇರುವವರು ದಯವಿಟ್ಟು ತನ್ನಿ. ನಮ್ಮ ಹತ್ತಿರ ಇರುವುದು ಒಂದೇ, ಅದರ ಹಿಡಿಯೂ ಅಲ್ಲಾಡುತ್ತಿದೆ. ಸೋರೆಕಾಯಿ ಹೆಚ್ಚಲು ಬೆಳಿಗ್ಗೆ ಒಂಬತ್ತಕ್ಕೇ ನಾಲ್ಕು ಜನ ಬಂದರೆ ಅನುಕೂಲ.