ಕಡಲನ್ನು ಪ್ರೀತಿಸಿದವನಿಗೆ ನುಡಿನಮನ

1967ನೆಯ ಇಸವಿಯ ಡಿಸೆಂಬರ್ 17ರ ಭಾನುವಾರ, ಆಸ್ಟ್ರೇಲಿಯದ ಪ್ರಧಾನಮಂತ್ರಿಗಳಾಗಿದ್ದ ಹೆರಾಲ್ಡ್ ಹೋಲ್ಟರು, ಪೋರ್ಟ್‌ಸೀ ಸಮೀಪದ ಚೆವಿಯಟ್ ಕಡಲತೀರದಲ್ಲಿ ಈಜಲೆಂದು ಅಲೆಗಳೊಳಗೆ ಇಳಿದವರು, ಮರಳಿ ದಡಕ್ಕೆ ಬರಲಿಲ್ಲ. ಎಷ್ಟು ಶೋಧಿಸಿದರೂ ದೇಹವು ದೊರೆಯದೆ ಹೋಗಿ, ಐದು ದಿನಗಳ ತರುವಾಯ ಮೆಲ್ಬರ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ನಡೆದ ಸ್ಮರಣಸಭೆಗೆ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್, ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್, ಯುವರಾಜ ಚಾರ್ಲ್ಸ್ ಮೊದಲಾದವರು ಬಂದು ತಲೆಬಾಗಿದರು. ಅಷ್ಟು ದೊಡ್ಡ ಸಭೆಗಿಂತಲೂ ನನಗೆ ಹೆಚ್ಚು ಉಚಿತವೆಂದು ತೋರುವ ಗೌರವವೊಂದುಂಟು: ಚೆವಿಯಟ್ ತೀರದಾಚೆ ಸಮುದ್ರತಳಕ್ಕೆ ಬಿಗಿದಿರುವ ಸ್ಮಾರಕ ಫಲಕ. ಸ್ನಾರ್ಕೆಲ್ ತೊಟ್ಟು, ಈಟಿ ಹಿಡಿದು, ನೀರೊಳಗೆ ಮೀನು ಬೇಟೆಯಾಡುವುದರಲ್ಲಿ ಪರಮಸುಖವನ್ನು ಕಂಡಿದ್ದ ಆ ಮನುಷ್ಯನ ಫಲಕವನ್ನು ಓದಬೇಕೆಂಬವನು ತಾನೂ ಮುಳುಗಲೇಬೇಕು.

ಈ ವೃತ್ತಾಂತವನ್ನು ನನಗೆ ಮೊದಲು ಹೇಳಿದವನು, ದೀರ್ಘಕಾಲದ ಅಸ್ವಾಸ್ಥ್ಯದ ಬಳಿಕ ಈಚೆಗೆ ತೀರಿಕೊಂಡ ನನ್ನ ಗೆಳೆಯ. ಚಿತ್ರದುರ್ಗದ ಸೀಮೆಯಲ್ಲಿ, ಮಳೆಗಾಗಿ ಮುಗಿಲು ನೋಡುವ ಹಳ್ಳಿಯಲ್ಲಿ ಹುಟ್ಟಿ, ಕೆರೆಯ ಈಜನ್ನಷ್ಟೇ ಬಲ್ಲವನಾಗಿದ್ದ ಅವನು, ಉದ್ಯೋಗನಿಮಿತ್ತ ಸಿಡ್ನಿಗೆ ಬಂದ ಮೊದಲ ವರ್ಷಗಳಲ್ಲಿ ಅಲ್ಲಿನ ಗಾರ್ಡನ್ಸ್ ಬೇಯಲ್ಲಿ, ನೀರಿನಡಿ ಸರಪಣಿ ಹಾಸಿ ಗುರುತುಮಾಡಿರುವ ಹಾದಿಯಗುಂಟ ಸಾಗುತ್ತ ಸ್ಕೂಬಾ ವಿದ್ಯೆಯ ರುಚಿ ಹತ್ತಿಸಿಕೊಂಡು, ಮುಂದೆ ಮೆಲ್ಬರ್ನಿನ ಬಳಿಯ ವೆರಿಬೀಯಲ್ಲಿ ಮನೆಮಾಡಿದ ಮೇಲೆ ಪೋರ್ಟ್ ಫಿಲಿಪ್ ಕೊಲ್ಲಿಗೆ ಸಂಪೂರ್ಣವಾಗಿ ಒಲಿದುಹೋದನು. ಆ ಕೊಲ್ಲಿಯ ಬಾಯಿಯು ಅಗಲದಲ್ಲಿ ಮೂರು ಕಿಲೋಮೀಟರಿನಷ್ಟು ಮಾತ್ರ. ಅದರೊಳಗಿಂದಲೇ ಇಡೀ ಕೊಲ್ಲಿಯ ಭರತ ಇಳಿತಗಳು ನುಗ್ಗಬೇಕಾದುದರಿಂದ, ಎರಡು ಸೆಳವುಗಳ ನಡುವೆ ನೀರು ನಿಂತಂತಾಗುವ ಅಲ್ಪ ಕಾಲದಲ್ಲಿಯೇ ಮುಳುಗುಗಾರರು ಅಲ್ಲಿ ಇಳಿದು ಮೇಲಕ್ಕೇಳಬೇಕು. ಮೊದಲ ಮಹಾಯುದ್ಧದ ಕಾಲದ, 1926ರಲ್ಲಿ ಬೇಕೆಂದೇ ಮುಳುಗಿಸಿದ ಜೆ ವರ್ಗದ ಜಲಾಂತರ್ಗಾಮಿಗಳನ್ನೂ, 2009ರಲ್ಲಿ ಮುಳುಗುಗಾರರಿಗಾಗಿಯೇ ತಳಕ್ಕಿಳಿಸಿದ ಕ್ಯಾನ್‌ಬೆರಾ ಎಂಬ ಯುದ್ಧನೌಕೆಯನ್ನೂ ಅವನು ನೆಂಟರ ಮನೆಗಳನ್ನು ವರ್ಣಿಸುವಷ್ಟು ಸಲಿಗೆಯಿಂದ ವರ್ಣಿಸುತ್ತಿದ್ದನು.

ವೆರಿಬೀಯ ಒಂದು ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಸೇರಿದ್ದಿತು. ಹಾರ ಹಾಕಿದ ಭಾವಚಿತ್ರ, ನಂದಾದೀಪ, ವಚನಗಾಯನ, ಒಂದು ನಿಮಿಷದ ಮೌನ, ಎಲ್ಲವೂ ನಮ್ಮ ಪದ್ಧತಿಯಂತೆಯೇ ನಡೆದವು. ಮಾತನಾಡಿದ ಹಿರಿಯರು ಅವನ ವಿದ್ಯೆ, ಉದ್ಯೋಗ, ಸಂಸಾರ, ಕನ್ನಡ ಶಾಲೆಗಾಗಿ ಅವನು ಮಾಡಿದ ದುಡಿಮೆ, ಇವುಗಳನ್ನು ಕೊಂಡಾಡಿದರು. ಕಡಲಿನ ಹೆಸರು ಬಹುಮಟ್ಟಿಗೆ ಯಾರ ಬಾಯಲ್ಲೂ ಬರಲಿಲ್ಲ. ಬಂದರೂ, ಅದೊಂದು ಅಪಾಯಕರ ಹವ್ಯಾಸವಾಗಿತ್ತೆಂಬ ಸಂಕೋಚದೊಡನೆ ಬಂದಿತು. ಹಿಂದಿನ ಸಾಲಿನಲ್ಲಿ, ಉಪ್ಪುನೀರಿಗೆ ಬಣ್ಣಗೆಟ್ಟ ಜಾಕೀಟುಗಳನ್ನು ತೊಟ್ಟು, ಅರ್ಥವಾಗದ ಭಾಷೆಯನ್ನು ಗೌರವದಿಂದ ಆಲಿಸುತ್ತ ಕುಳಿತಿದ್ದ ಅವನ ಮುಳುಗುಗಾರ ಗೆಳೆಯರ ಕಡೆಗೆ ನನ್ನ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದಿತು.

ಕಟ್ಟಕಡೆಗೆ ಅವರಲ್ಲೊಬ್ಬ ವೃದ್ಧೆಗೆ ಮಾತಿನ ಸರದಿ ಬಂದಿತು. ಆಕೆ ಅವನ ‘ಬಡ್ಡಿ’, ಅಂದರೆ ನೀರೊಳಗಿನ ಜೊತೆಗಾತಿ. ಈ ವಿದ್ಯೆಯಲ್ಲಿ ಒಂಟಿಯಾಗಿ ಇಳಿಯುವುದು ಸಲ್ಲದೆಂಬುದು ಮೊದಲ ಪಾಠ. ಇಳಿಯುವ ಮುನ್ನ ಒಬ್ಬರ ಸಿಲಿಂಡರು, ಕವಾಟ, ಪಟ್ಟಿಗಳನ್ನು ಇನ್ನೊಬ್ಬರು ಮುಟ್ಟಿ ಪರೀಕ್ಷಿಸತಕ್ಕದ್ದು. ಒಬ್ಬರಿಗೆ ಗಾಳಿ ತೀರಿದರೆ ಇನ್ನೊಬ್ಬರು ತಮ್ಮದರಲ್ಲಿ ಪಾಲುಕೊಡತಕ್ಕದ್ದು. ಹತ್ತು ಮೀಟರು ಇಳಿದಂತೆಲ್ಲ ದೇಹದ ಮೇಲಿನ ಒತ್ತಡವು ಒಂದು ವಾಯುಮಂಡಲದಷ್ಟು ಹೆಚ್ಚಿ, ಉಸಿರಿನ ನೈಟ್ರೋಜನ್ ರಕ್ತಮಾಂಸಗಳಲ್ಲಿ ಕರಗುತ್ತದಾದ್ದರಿಂದ, ಮೇಲಕ್ಕೆ ಬರುವಾಗ ಆತುರಪಡದೆ ಐದು ಮೀಟರಿನ ಆಳದಲ್ಲಿ ಮೂರು ನಿಮಿಷ ತಂಗುವುದು ವಾಡಿಕೆ. ಆ ಮೂರು ನಿಮಿಷಗಳನ್ನು ಎಲ್ಲರೂ ಗಡಿಯಾರ ನೋಡುತ್ತ ಕಳೆದರೆ, ಇವನು ಜೊತೆಗಾತಿಯ ಮುಖವನ್ನೇ ನೋಡುತ್ತ, ಸೌಖ್ಯವೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದನೆಂದು ಆಕೆ ಹೇಳಿದರು. ಫ್ಲಿಂಡರ್ಸ್ ಊರಿನ ಹಡಗುಕಟ್ಟೆಯ ಕೆಳಗೆ, ವಿಕ್ಟೋರಿಯ ರಾಜ್ಯದ ಕಡಲಲಾಂಛನವಾದ ಸೀಡ್ರ್ಯಾಗನ್ ಮೀನು, ಅದರಲ್ಲಿಯೂ ಬಾಲದಡಿ ಮೊಟ್ಟೆಗಳನ್ನು ಹೊತ್ತು ಕಾಪಾಡುವ ಗಂಡುಮೀನು, ಜಲಸಸ್ಯಗಳ ನಡುವೆ ಮೆಲ್ಲನೆ ಓಲಾಡುವುದನ್ನು ಕಂಡು, ದಡಕ್ಕೆ ಬಂದೊಡನೆ ತನ್ನ ಮಗಳು ಹುಟ್ಟಿದ ರಾತ್ರಿಯ ಕಥೆಯನ್ನು ಅವನು ಹೇಳಿದನಂತೆ. ಮುಂದಿನ ಸಾಲಿನಲ್ಲಿದ್ದ ಆ ಮಗಳು ಅದನ್ನು ಕೇಳಿದ್ದು ಅಂದೇ ಮೊದಲು.

ಊರಿನಿಂದ ಬಂದಿದ್ದ ಅವನ ಅಣ್ಣ, ತಮ್ಮನ ಈ ಮುಳುಗಾಟವನ್ನು ಜೀವಮಾನವಿಡೀ ಹಳಿದವರು. ಸಭೆ ಮುಗಿದ ಮೇಲೆ ಆ ವೃದ್ಧೆಯ ಎದುರು ನಿಂತು, ತಮ್ಮನ ಆ ಮಗಳ ಬಾಯಿಂದ ಕೇಳಿಸಿದರು: “ತಾಯಿ, ನನ್ನ ತಮ್ಮ ನಿಮ್ಮನ್ನು ಎಂದಾದರೂ ನೀರೊಳಗೆ ಒಬ್ಬರನ್ನೇ ಬಿಟ್ಟು ಹೋದನೇನು?” ಆಕೆ ಇಲ್ಲವೆಂದು ತಲೆಯಾಡಿಸಿದರು. ಅಣ್ಣ ಕೈಮುಗಿದರು. ಅಸ್ಥಿಯನ್ನು ಪೂರ್ತಿಯಾಗಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೇ ಒಯ್ಯಬೇಕೆಂದು ಅದುವರೆಗೆ ಹಟಹಿಡಿದಿದ್ದವರು, ಒಂದು ಪಾಲನ್ನು ಕಡಲಿಗೆ ಬಿಡಲೆಂದು ಈ ಗೆಳೆಯರ ಕೈಗೆ ಒಪ್ಪಿಸಲು ತಾವಾಗಿಯೇ ಸಮ್ಮತಿಸಿದರು. ಚಿತಾಭಸ್ಮವನ್ನು ಕಡಲಿಗೆ ಬಿಡುವುದಕ್ಕೆ ಆಸ್ಟ್ರೇಲಿಯದ ಸಮುದ್ರಸಂರಕ್ಷಣಾ ಕಾಯಿದೆಯ ಪರವಾನಗಿ ಬೇಕಾಗುವುದಿಲ್ಲ. ದೇಹವನ್ನೇ ಸಮುದ್ರಸಮಾಧಿ ಮಾಡುವುದಾದರೆ ಮಾತ್ರ ಬೇಕು.

ಪರದೇಶದಲ್ಲಿ ಬಾಳುವ ನಮ್ಮ ಜನರ ಆಯುಷ್ಯದ ಒಂದು ದೊಡ್ಡ ಭಾಗವು, ನಮ್ಮ ಭಾಷೆಯನ್ನಾಗಲಿ ಕುಲಗೋತ್ರಗಳನ್ನಾಗಲಿ ಅರಿಯದವರ ಸಂಗಡ ಸವೆಯುತ್ತದೆ. ಸತ್ತ ದಿನ ಮಾತ್ರ ನಾವು ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಇದು ಅನ್ಯಾಯ, ಅವರಿಗಷ್ಟೇ ಅಲ್ಲ, ಅಗಲಿದವರಿಗೂ. ಆದಕಾರಣ ಮೆಲ್ಬರ್ನಿನಲ್ಲಾಗಲಿ ಸಿಡ್ನಿಯಲ್ಲಾಗಲಿ ಇಂಥ ಸಭೆಗಳನ್ನು ಏರ್ಪಡಿಸುವ ಕನ್ನಡ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಅಗಲಿದವರ ಜೊತೆಗಾರರನ್ನು ಮೊದಲೇ ವಿಚಾರಿಸಿ ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿರಿ, ನಮ್ಮ ಭಾಷಣಗಳಿಗಿಂತ ಮುಂಚೆ ಅವರಿಗೆ ಮಾತಿಗೆ ಅವಕಾಶ ಕೊಡಿರಿ, ಅವರ ಮಾತನ್ನು ಹಿರಿಯರಿಗೆ ಕನ್ನಡದಲ್ಲಿ ತಿಳಿಸಲು ಮನೆಯ ಮಕ್ಕಳಲ್ಲಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿರಿ.